ಖಾಲಿ ಬಾಯಿಯ ಆರುನೂರು ಜಗಿತ

ಗೆರೆ ಸೊನ್ನೆಯ ಮೇಲೆ ಮಲಗಿ ಏಳು ದಿನವಾಗಿತ್ತು. ಏಳೂ ದಿನ ಅದರ ಎದುರು 'ನೆಟ್‌ವರ್ಕ್ ಇಲ್ಲ' ಎಂದು ಬರೆದು ಎಲ್ಲರೂ ಮುಂದೆ ಹೋಗಿದ್ದರು.

ಎಂಟನೆಯ ದಿನ ಬೆಳಿಗ್ಗೆ ಹತ್ತೂಕಾಲಿಗೆ ಎಂಜಿನಿಯರ್ ಇಮ್ತಿಯಾಜ್ ಸವಣೂರ ಪರದೆಯ ಕಡೆಗೆ ಬಾಗಿ, "ಮೇಡಂ, ಒಂಚೂರು ಇಲ್ಲಿ ಬರ್ರಿ," ಎಂದ. ದನಿ ಯಾವತ್ತಿನ ಹಾಗಿರಲಿಲ್ಲ. ಡಾ. ವೈಜಯಂತಿ ಹುಯಿಲಗೋಳ ಚಹಾದ ಕಪ್ಪನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಬಂದಳು.

ಬೆಳಗಾವಿಯ ಆ ದಂತ ಸಂಶೋಧನಾ ಕೇಂದ್ರದ ಎರಡನೆಯ ಮಹಡಿಯಲ್ಲಿ, ಹಿಂದೆ ಎಕ್ಸ್‌ರೇ ಫಿಲ್ಮ್ ತೊಳೆಯುತ್ತಿದ್ದ ಕೋಣೆಯನ್ನು ಒಡೆದು ಈ ನಿಗಾ ಕೋಣೆ ಮಾಡಿದ್ದರು. ನಲವತ್ತೊಂದು ಜನರ ದವಡೆಗಳು ಇಲ್ಲಿ ನಲವತ್ತೊಂದು ಹಸಿರು ಗೆರೆಗಳಾಗಿ ದಿನವಿಡೀ ಓಡುತ್ತಿದ್ದವು. ಯಾರು ಎಷ್ಟು ಹೊತ್ತಿಗೆ ನಾಷ್ಟಾ ಮಾಡಿದರು, ಯಾರ ಮನೆಯಲ್ಲಿ ಇವತ್ತು ಖಡಕ್ ರೊಟ್ಟಿ, ಡಾಕ್ಟರ ಎದುರು ಬಿಟ್ಟೆನೆಂದು ಆಣೆ ಹಾಕಿದ ಅಡಿಕೆಯನ್ನು ಯಾರು ಮಧ್ಯಾಹ್ನ ಮೆಲ್ಲಗೆ ಬಾಯಿಗೆ ಹಾಕಿಕೊಂಡರು, ಎಲ್ಲ ಇಲ್ಲಿ ಬಯಲು. ಹೆಂಡತಿಗೆ ಗೊತ್ತಾಗದ್ದು ಇಮ್ತಿಯಾಜನಿಗೆ ಗೊತ್ತಾಗುತ್ತಿತ್ತು.

"ಇಪ್ಪತ್ತಾರನೇ ನಂಬರ್, ರಾಜಮತಿ ಮಗದುಮ್ಮ," ಎಂದ ಇಮ್ತಿಯಾಜ್. "ನೆಟ್‌ವರ್ಕ್ ಇಲ್ಲ ಅಂದ್ರ ಏನೂ ಬರಬಾರದಲ್ರಿ. ಬರಾಕತ್ತೈತಿ. ತಾಸಿಗೊಂದು ಸಲ ಸರಿಯಾಗಿ ಬರಾಕತ್ತೈತಿ. ಒಳಗ ಸೊನ್ನಿ ಐತಿ, ಅಷ್ಟ."

"ಅಂದ್ರ ಏಳು ದಿನ ಆ ಬಾಯಾಗ ಒಂದು ಸಲನೂ ಹಲ್ಲು ಹಲ್ಲಿಗೆ ಮುಟ್ಟಿಲ್ಲ?"

"ಮುಟ್ಟಿಲ್ರಿ."

ವೈಜಯಂತಿ ಕೂಡಲೇ ಫೋನು ಕೈಗೆತ್ತಿಕೊಂಡಳು. ಏಕೆಂದರೆ ಈ ಸೊನ್ನೆಯ ಅರ್ಥ ಭೂಮಿಯ ಮೇಲೆ ಅವರಿಬ್ಬರಿಗೆ ಗೊತ್ತಿದ್ದಷ್ಟು ಇನ್ನಾರಿಗೂ ಗೊತ್ತಿರಲಿಲ್ಲ.

ಹಲ್ಲು ಹೋದ ಮೇಲೆ ದವಡೆಯ ಮೂಳೆ ಸುಮ್ಮನೆ ಕೂತಿರುವುದಿಲ್ಲ, ಕರಗುತ್ತದೆ. ಕೆಲಸವಿಲ್ಲದ ಮೂಳೆಯನ್ನು ದೇಹ ಸಾಕುವುದಿಲ್ಲ. ಟೈಟಾನಿಯಂ ತಿರುಪು ನೆಟ್ಟು ಹಲ್ಲು ಕೂರಿಸಿದರೂ ವಯಸ್ಸಾದವರಲ್ಲಿ ಸುತ್ತಲಿನ ಮೂಳೆ ಸವೆದು ಆ ತಿರುಪೇ ಅಲ್ಲಾಡತೊಡಗುತ್ತದೆ. ತಿರುಪಿಗೇ ಮೂಳೆ ಬೆಳೆಸುವ ಬುದ್ಧಿ ಇದ್ದರೆ? ಈ ಒಂದು ಪ್ರಶ್ನೆಯ ಹಿಂದೆ ವೈಜಯಂತಿ ಒಂಬತ್ತು ವರ್ಷ ಬಿದ್ದಿದ್ದಳು. ಹುಟ್ಟಿದ್ದು ಜೀವಬೇರು: ಕೆಳದವಡೆಗೆ ನೆಡುವ ತಿರುಪು, ಮೇಲಿನ ಹಲ್ಲು ಎಂದಿನಂತೆ ತೆಗೆದಿಡುವ ಸೆಟ್ಟು. ಅದರ ಮೈಗೆ ಒತ್ತಿದರೆ ವಿದ್ಯುತ್ತು ಹುಟ್ಟಿಸುವ ಪಿಂಗಾಣಿಯ ಕವಚ, ಕವಚದೊಳಗೆ ಮೂಳೆ ಬೆಳೆಸುವ ರಸದ ಸಣ್ಣ ಭಂಡಾರ. ಮನುಷ್ಯ ಜಗಿದಷ್ಟೂ ಬೇರಿಗೆ ಶಕ್ತಿ, ಕೆಲವು ವಾರಕ್ಕಾಗುವಷ್ಟನ್ನು ಅದು ಕೂಡಿಟ್ಟುಕೊಳ್ಳುತ್ತದೆ. ಜಗಿತ ಕಡಿಮೆಯಾದರೆ 'ಮೂಳೆ ಸೋಲುತ್ತಿದೆ' ಎಂದುಕೊಂಡು ಅದು ಬಾಗಿಲು ತೆರೆದು ರಸ ಬಿಡುತ್ತದೆ. ಮತ್ತೆ ಜಗಿತ ಶುರುವಾದರೆ ಬಾಗಿಲು ಮುಚ್ಚುತ್ತದೆ. ಹೊರಗಿನಿಂದ ಯಾರೂ ಅದಕ್ಕೆ ಅಪ್ಪಣೆ ಕೊಡುವಂತಿಲ್ಲ. ಮನುಷ್ಯರ ಬಾಯೊಳಗಿನ ಯಂತ್ರಕ್ಕೆ ದೂರದಲ್ಲಿ ಕೂತವರು ಗುಂಡಿ ಒತ್ತಬಾರದೆಂದು ನೈತಿಕ ಸಮಿತಿಯವರು ಪಟ್ಟು ಹಿಡಿದಿದ್ದರು, ವೈಜಯಂತಿಗೂ ಅದೇ ಸರಿ ಅನ್ನಿಸಿತ್ತು.

ಈಗ ಬಾಗಿಲು ಏಳು ದಿನದಿಂದ ತೆರೆದೇ ಇತ್ತು.

ಅವಳು ಫೋನು ಮಾಡಿದಳು. ಎತ್ತಿದವಳು ಸೊಸೆ ತ್ರಿಶಲಾ.

"ಅತ್ತಿ ಆರಾಮ ಅದಾರ್ರೀ. ನಮ್ಮ ಜೈನರ ದಶಲಕ್ಷಣ ಪರ್ವ ಅಲ್ಲೇನ್ರಿ, ಹತ್ತು ದಿನದ ಉಪವಾಸ ಹಿಡದಾರ. ಇವತ್ತು ಎಂಟನೇ ದಿನ."

"ಏನು ತಗೋತಾರ? ಹಣ್ಣು? ಹಾಲು?"

ತ್ರಿಶಲಾ ನಕ್ಕಳು. "ಹಣ್ಣೇನ್ರಿ ಡಾಕ್ಟರ. ಕಾಯಿಸಿ ಆರಿಸಿದ ನೀರು, ದಿನಕ್ಕ ಒಂದ ಸಲ. ಅಷ್ಟ."

"ಮತ್ತ ಮ್ಯಾಲಿನ ಹಲ್ಲಿನ ಸೆಟ್ಟು?"

"ಅದನ್ನ ಮೊದಲನೇ ದಿನಾನ ತಗದು ಡಬ್ಬ್ಯಾಗ ಇಟ್ಟಾರ. ನೀವ ಪುಸ್ತಕದಾಗ ಬರದಿದ್ರೆಲ್ಲ." ಒಂದು ಕ್ಷಣ ಬಿಟ್ಟು ಅವಳೇ ಹೇಳಿದಳು, "ನಿನ್ನೆಯಿಂದ ಕೆಳಗಿನ ತುಟಿ ಬಲಕ್ಕ ಜೋಮು ಹಿಡದಂಗ ಆಗೈತಿ ಅನ್ನಾಕತ್ತಾರ. ಉಪವಾಸದ ನಿಶ್ಶಕ್ತಿ ಇರಬೇಕು."

ನಿಶ್ಶಕ್ತಿಯಲ್ಲ. ಕೆಳದವಡೆಯ ಮೂಳೆಯೊಳಗೆ ಕಿವಿಯ ಕೆಳಗಿನಿಂದ ಗದ್ದದ ತನಕ ಒಂದು ಸಣ್ಣ ಸುರಂಗವಿದೆ. ಕೆಳತುಟಿಗೂ ಗದ್ದಕ್ಕೂ ಸ್ಪರ್ಶ ಕೊಡುವ ನರ ಅದರೊಳಗೆ ಹಾಯುತ್ತದೆ. ಜೀವಬೇರಿನ ತುದಿ ಆ ಸುರಂಗದ ಮಾಡಿನಿಂದ ಎರಡೇ ಮಿಲಿಮೀಟರು ಮೇಲೆ. ಮಾಡು ಈಗ ಕೆಳಕ್ಕೆ ಬೆಳೆಯುತ್ತಿತ್ತು.

ವ್ಯಾನು ಹೊರಡಿಸಲು ಹನ್ನೊಂದು ಗಂಟೆಯಾಯಿತು. ರಾಜಮತಿಯವರ ಊರು ಮಾಂಜರಿಗೆ ಎರಡು ತಾಸಿನ ದಾರಿ. ಹಿಂದಿನ ಸೀಟಿನಲ್ಲಿ ಪೆಟ್ಟಿಗೆಯಷ್ಟು ಸಣ್ಣ ಸ್ಕ್ಯಾನರು, ಮುಂದೆ ವೈಜಯಂತಿ, ಅವಳ ತಲೆಯೊಳಗೆ ಅವಳದೇ ಎರಡು ವಾಕ್ಯಗಳು.

ಮೊದಲನೆಯದು ರೋಗಿಗಳ ಕೈಪಿಡಿಯಲ್ಲಿತ್ತು: 'ಊಟವಿಲ್ಲದ ಹೊತ್ತಿನಲ್ಲಿ ಮೇಲಿನ ಸೆಟ್ಟನ್ನು ತೆಗೆದಿಟ್ಟು ವಸಡಿಗೆ ವಿಶ್ರಾಂತಿ ಕೊಡಿ.' ರಾತ್ರಿಯ ಮಾತು ಅದು. ರಾತ್ರಿ ಎಂದು ಬರೆಯಬೇಕೆಂದು ತೋಚಿರಲಿಲ್ಲ, ಅಷ್ಟೇ. ರಾಜಮತಿ ಅದನ್ನು ಅಕ್ಷರಶಃ ಪಾಲಿಸಿದ್ದರು. ಎದುರು ಹಲ್ಲೇ ಇಲ್ಲದಾಗ ಉಗುಳು ನುಂಗುವಾಗ ಬೀಳುವ ಒತ್ತಡವೂ ಬೇರಿಗೆ ಸಿಗುವುದಿಲ್ಲ.

ಎರಡನೆಯದು ಅಪಾಯಗಳ ಪಟ್ಟಿಯಲ್ಲಿತ್ತು: 'ಉಪವಾಸದಿಂದ ತೊಂದರೆಯಿಲ್ಲ, ಪರೀಕ್ಷಿಸಲಾಗಿದೆ.' ಪರೀಕ್ಷಿಸಿದ್ದು ಅವಳ ಸ್ವಂತ ಮನೆಯಲ್ಲಿ. ಅತ್ತೆ ಇಂದಿರಾಬಾಯಿ ಏಕಾದಶಿ ತಪ್ಪಿಸಿದವರಲ್ಲ. ಅವರ ಬಾಯಿಗೆ ಮಾಪಕ ಕೂರಿಸಿ ವೈಜಯಂತಿ ಮೂರು ಏಕಾದಶಿ ಅಳೆದಿದ್ದಳು. ಬೆಳಿಗ್ಗೆ ಸಾಬೂದಾಣಿ ಉಸುಳಿ, ಹನ್ನೊಂದಕ್ಕೆ ಹುರಿದ ಶೇಂಗಾ, ಮಧ್ಯಾಹ್ನ ವರಿ ಅಕ್ಕಿಯ ಅನ್ನ, ಸಂಜೆ ಗೆಣಸು, ನಡುನಡುವೆ ಖರ್ಜೂರ. ಗೆರೆ ಮಾಮೂಲಿ ದಿನಕ್ಕಿಂತ ಎತ್ತರಕ್ಕೆ ಹೋಗಿತ್ತು. "ಉಪವಾಸದ ದಿನ ನಿಮ್ಮ ಹಲ್ಲಿಗೆ ರಜಾ ಇಲ್ಲ ಬಿಡ್ರಿ," ಎಂದು ಅವಳು ಅತ್ತೆಯನ್ನು ಚುಡಾಯಿಸಿದ್ದಳು, ಆ ಸಾಲಿಗೆ ಟಿಕ್ ಹಾಕಿ ಮುಚ್ಚಿದ್ದಳು. ಏನೂ ತಿನ್ನದ ಉಪವಾಸವೂ ಉಂಟು ಎನ್ನುವುದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ನಮ್ಮ ಮನೆಯ ಪದ್ಧತಿಯೇ ಲೋಕದ ಪದ್ಧತಿ ಎಂದುಕೊಳ್ಳುವ ಸೋಮಾರಿತನಕ್ಕೆ ಡಿಗ್ರಿ ಅಡ್ಡ ಬರುವುದಿಲ್ಲ. ಅವಳಿಗೆ ತನ್ನ ಮೇಲೆ ಅಸಹ್ಯವೆನಿಸಿತು.

ರಾಜಮತಿಯವರು ಪಡಸಾಲೆಯಲ್ಲಿ ಚಾಪೆಯ ಮೇಲೆ ಗೋಡೆಗೊರಗಿ ಕೂತಿದ್ದರು. ಬಿಳಿ ಸೀರೆ, ಅರವತ್ತೊಂದು ವರ್ಷ, ಸಣ್ಣಗಾಗಿದ್ದ ಮುಖದಲ್ಲಿ ಕಣ್ಣು ಮಾತ್ರ ಚುರುಕು. ನಲವತ್ತು ವರ್ಷದಿಂದ ಊರಿನ ಬಸದಿಯ ಪಾಠಶಾಲೆಯಲ್ಲಿ ಮಕ್ಕಳಿಗೆ ಸ್ತೋತ್ರ ಕಲಿಸಿದವರು. ಹಲ್ಲು ಹೋಗಿ ಉಚ್ಚಾರ ತೊದಲಿದಾಗ ಮಕ್ಕಳು ಮುಸಿಮುಸಿ ನಕ್ಕಿದ್ದರಂತೆ. ಮರುವಾರವೇ ಬಸ್ಸು ಹತ್ತಿ ಬೆಳಗಾವಿಗೆ ಬಂದು, ಪ್ರಯೋಗವೋ ಗಿಯೋಗವೋ, ನನಗೆ ಹಲ್ಲು ಕೊಡಿ ಎಂದು ಕೂತಿದ್ದರು.

"ಗಟ್ಟಿ ಊಟ ಮಾಡಿ ಮೈಯಾಗ ಕಸುವು ಬಂತು, ಅದಕ್ಕ ಈ ವರ್ಷ ಹತ್ತೂ ದಿನ ಹಿಡದೆ," ಎಂದರು ನಗುತ್ತಾ. ಬಲಗಡೆಯ ತುಟಿ ನಗುವಿನ ಜೊತೆ ಹೋಯಿತಾದರೂ ಸ್ವಲ್ಪ ತಡವಾಗಿ, ದಾರಿ ಕೇಳಿಕೊಂಡು ಹೋದ ಹಾಗೆ ಹೋಯಿತು.

ವೈಜಯಂತಿ ಹತ್ತಿಯ ಎಳೆಯೊಂದನ್ನು ಹೊಸೆದಳು. ಕಣ್ಣು ಮುಚ್ಚಲು ಹೇಳಿ ಎಡತುಟಿಗೆ ತಾಗಿಸಿದಳು.

"ಹೂಂ," ಎಂದರು ರಾಜಮತಿ.

ಬಲತುಟಿಗೆ ತಾಗಿಸಿದಳು. ಗದ್ದಕ್ಕೆ, ಮತ್ತೆ ತುಟಿಗೆ. ರಾಜಮತಿ ಕಣ್ಣು ಮುಚ್ಚಿಯೇ ಕಾಯುತ್ತಿದ್ದರು. "ಯಾವಾಗ ಮುಟ್ಟತೀರಿ?" ಎಂದು ಕೇಳಿದರು.

ಸ್ಕ್ಯಾನರಿನ ಚಿತ್ರ ಐದು ನಿಮಿಷದಲ್ಲಿ ಬೆಳಗಾವಿಯ ಪರದೆಗೂ ಹೋಯಿತು. ದುಂಡಗೆ ಇರಬೇಕಿದ್ದ ಸುರಂಗ ಒಂದು ಕಡೆ ಚಪ್ಪಟೆಯಾಗಿತ್ತು. ಫೋನಿನಲ್ಲಿ ಇಮ್ತಿಯಾಜ್ ಹೇಳಿದ್ದು ಇಷ್ಟು: ಬೆಳೆದದ್ದು ಇನ್ನೂ ಹಸಿ ಮೂಳೆ. ಇವತ್ತು ಬಾಗಿಲು ಮುಚ್ಚಿದರೆ ದೇಹವೇ ಅದನ್ನು ಕರಗಿಸಿಕೊಳ್ಳುತ್ತದೆ. ನಾಳೆ ಮಧ್ಯಾಹ್ನದ ಹೊತ್ತಿಗೆ ಅದು ಗಟ್ಟಿಯಾಗುತ್ತದೆ. ಆಮೇಲೆ ನರ ತಿರುಗಿ ಬರುವುದಿಲ್ಲ.

ವೈಜಯಂತಿ ಚಾಪೆಯ ಅಂಚಿಗೆ ಕೂತು ಏನನ್ನೂ ಮುಚ್ಚಿಡದೆ ಹೇಳಿದಳು. ತುಟಿ ಆಡುತ್ತದೆ, ಆದರೆ ತಾನೆಲ್ಲಿದ್ದೇನೆಂದು ಅದಕ್ಕೆ ತಿಳಿಯುವುದಿಲ್ಲ. ಪ, ಬ, ಮ ಹೇಳುವಾಗ ತುಟಿ ಕೂಡಿತೋ ಇಲ್ಲವೋ ಗೊತ್ತಾಗದೆ ಅಕ್ಷರ ಜಾರುತ್ತದೆ. ಬೇರನ್ನು ಈಗ ಕೀಳಲೂ ಆಗದು, ಹೊಸ ಮೂಳೆ ಅದನ್ನು ಕಚ್ಚಿ ಹಿಡಿದಿದೆ, ಕಿತ್ತರೆ ನರವೇ ಹರಿದೀತು. ಮುಚ್ಚುವ ದಾರಿ ಒಂದೇ, ಜಗಿಯುವುದು.

"ತಪ್ಪು ನನ್ನದು," ಎಂದಳು. "ಪುಸ್ತಕದಾಗ ನಾನ ತಪ್ಪು ಬರದೇನಿ. ಉಪವಾಸದ ಪರೀಕ್ಷಾನೂ ನಾನ ತಪ್ಪು ಮಾಡೇನಿ. ನನ್ನ ಕ್ಷಮಿಸ್ರಿ."

"ಪರ್ವದಾಗ ದಿನಕ್ಕೊಂದು ಧರ್ಮ. ಕ್ಷಮಾದ ದಿನ ಮೊದಲನೇದು, ಅದು ಮುಗದೈತಿ," ಎಂದರು ರಾಜಮತಿ. "ಇವತ್ತು ತ್ಯಾಗದ ದಿನ. ಕೆಲಸ ಏನೈತಿ ಅದನ್ನ ಹೇಳ್ರಿ."

"ಅತ್ತಿ, ಉಪವಾಸ ಬಿಡ್ರಿ," ಎಂದಳು ತ್ರಿಶಲಾ. ಅವಳ ಕಣ್ಣು ತುಂಬಿತ್ತು. "ಎಂಟು ದಿನ ಮಾಡೀರಿ, ಸಣ್ಣದಲ್ಲ. ಎರಡು ರೊಟ್ಟಿ ತಿನ್ರಿ. ಯಾರೂ ಏನೂ ಅನ್ನೂದಿಲ್ಲ."

"ಮಂದಿ ಏನಂತಾರ ಅಂತ ನಾ ಉಪವಾಸ ಹಿಡದೆನೇನು?" ಎಂದರು ರಾಜಮತಿ ಮೆತ್ತಗೆ. ಅಷ್ಟಕ್ಕೆ ಆ ಮಾತು ಮುಗಿಯಿತು. ಆ ಮನೆಯಲ್ಲಿ ಅವರ ಮೆತ್ತಗಿನ ದನಿಯ ಮೇಲೆ ಯಾರೂ ಮತ್ತೆ ಮಾತಾಡುವ ರೂಢಿಯಿರಲಿಲ್ಲ ಎಂದು ವೈಜಯಂತಿಗೆ ಅರ್ಥವಾಯಿತು.

"ತಿನ್ನದ ಜಗಿದ್ರ?" ಎಂದಳು ವೈಜಯಂತಿ. "ಸೆಟ್ಟು ಹಾಕ್ಕೊಂಡು, ಖಾಲಿ ಬಾಯಿ. ಒಳಗ ಏನೂ ಹೋಗೂದಿಲ್ಲ. ಬೇರಿಗೆ ಒತ್ತಡ ಬೇಕು, ರೊಟ್ಟಿ ಬೇಕಂತಿಲ್ಲ."

ರಾಜಮತಿ ಸೆಟ್ಟಿನ ಡಬ್ಬಿ ತರಲು ಸೊಸೆಗೆ ಕೈ ಮಾಡಿದರು. ಆಮೇಲೆ, "ಎಷ್ಟು?" ಎಂದರು.

"ಆರುನೂರು. ನಡುವ ಇಪ್ಪತ್ತು ಸೆಕೆಂಡಿಗಿಂತ ಹೆಚ್ಚು ನಿಲ್ಲಬಾರದು. ನಿಂತ್ರ ಮತ್ತ ಒಂದರಿಂದ."

ಈ ಇಪ್ಪತ್ತು ಸೆಕೆಂಡಿನ ನಿಯಮ ಇಮ್ತಿಯಾಜನದು. ನಿದ್ದೆಯಲ್ಲಿ ಹಲ್ಲು ಕಡಿಯುವವರು ಬೇರಿಗೆ ಮೋಸ ಮಾಡಬಾರದೆಂದು ಇಟ್ಟದ್ದು. ಈಗ ಫೋನಿನ ಆ ತುದಿಯಲ್ಲಿ ಅವನು ಆ ನಿಯಮವನ್ನೂ ತನ್ನನ್ನೂ ಬೈದುಕೊಳ್ಳುತ್ತಿದ್ದದ್ದು ವೈಜಯಂತಿಗೆ ಕೇಳಿಸುತ್ತಿತ್ತು.

ದಿನದ ನೀರು ಆಗಲೇ ಆಗಿಹೋಗಿತ್ತು. ಬಾಯಿ ತೊಳೆಯುವಂತಿಲ್ಲ, ಸೆಟ್ಟನ್ನು ನೆನೆಸುವಂತಿಲ್ಲ. ತ್ರಿಶಲಾ ಅದನ್ನು ಒಗೆದ ಅರಿವೆಯಿಂದ ಒರೆಸಿ ಕೊಟ್ಟಳು. ಒಣ ವಸಡಿಗೆ ಒಣ ಸೆಟ್ಟು ಕೂರುವಾಗ ರಾಜಮತಿಯ ಹುಬ್ಬು ಗಂಟಿಕ್ಕಿತು. ಅವರು ಜಗಿಯತೊಡಗಿದರು.

ಖಾಲಿ ಬಾಯಿ ಜಗಿಯುವ ಸದ್ದು ಸಣ್ಣದು, ಆದರೆ ಪಡಸಾಲೆಯಲ್ಲಿ ಬೇರೆ ಸದ್ದೇ ಇರಲಿಲ್ಲ. ಫೋನಿನಲ್ಲಿ ಇಮ್ತಿಯಾಜ್, "ಬೇರು ಎದ್ದೈತ್ರಿ, ತಾಸಿಗೆ ಕಾಯದ ಒಂದೊಂದೂ ಎಣಸಿ ಕಳಸಾಕತ್ತೈತಿ," ಎಂದ. ಐವತ್ತು. ನೂರು. ಇನ್ನೂರಕ್ಕೆ ಕತ್ತಿನ ನರ ಉಬ್ಬಿ ಕಾಣತೊಡಗಿತು. ಮುನ್ನೂರಕ್ಕೆ ಹಣೆಯಲ್ಲಿ ಬೆವರು. ಎಂಟು ದಿನದಿಂದ ಸುಮ್ಮನಿದ್ದ ದವಡೆಯ ಸ್ನಾಯು ಕೆನ್ನೆಯ ಮೇಲೆ ಗಂಟಾಗಿ ಏಳುತ್ತಿತ್ತು, ಬೀಳುತ್ತಿತ್ತು. ನಾನೂರು. "ಇನ್ನ ಇನ್ನೂರ ಐತ್ರಿ," ಎಂದ ಇಮ್ತಿಯಾಜ್.

ನಾನೂರ ಹತ್ತಕ್ಕೆ ರಾಜಮತಿ ನಿಲ್ಲಿಸಿದರು.

"ನೋವೇನ್ರಿ?" ಎಂದಳು ವೈಜಯಂತಿ. "ಐದು ಸೆಕೆಂಡು ತಡೀರಿ, ಆಮೇಲೆ ಶುರು ಮಾಡ್ರಿ."

ರಾಜಮತಿ ತಲೆಯಲ್ಲಾಡಿಸಿದರು. ಅವರ ಕಣ್ಣಲ್ಲಿ ನೀರಿತ್ತು, ಅದು ನೋವಿನದಾಗಿರಲಿಲ್ಲ.

"ಹದಿನೈದಾತ್ರಿ," ಎಂದ ಇಮ್ತಿಯಾಜ್. "ಮೇಡಂ, ಹದಿನೆಂಟು."

"ರಾಜಮತಿಯವರ, ಒಂದ ಸಲ ಹಲ್ಲು ಮುಟ್ಟಸ್ರಿ, ಒಂದ ಸಲ—"

"ಹೋತ್ರಿ," ಎಂದ ಇಮ್ತಿಯಾಜ್. "ಸೊನ್ನಿ."

"ರೊಟ್ಟಿ ನೆನಪಾತು," ಎಂದರು ರಾಜಮತಿ. "ಎಂಟು ದಿನ ನೆನಪಾಗಿದ್ದಿಲ್ಲ. ಜಗದಂಗ ಜಗದಂಗ ಬಿಸಿ ರೊಟ್ಟಿ ವಾಸನಿ ಬಂತು, ಎಣ್ಣಿಗಾಯಿ ನೆನಪಾತು. ಬಾಯಾಗ ನೀರು ಬಂತು. ಮನಸು ಉಂಡಿತು ಡಾಕ್ಟರ. ಇದು ಉಪವಾಸ ಅಲ್ಲ. ನಾ ಇನ್ನ ಜಗಿಯೂದಿಲ್ಲ."

ವೈಜಯಂತಿ ಫೋನನ್ನು ಚಾಪೆಯ ಮೇಲಿಟ್ಟಳು. ಕೇಂದ್ರದಲ್ಲಾಗಿದ್ದರೆ ವಾದಿಸುತ್ತಿದ್ದಳು. ಒತ್ತಡ, ರಸ, ಮೂಳೆ, ನರ, ಎಲ್ಲಕ್ಕೂ ಅವಳ ಹತ್ತಿರ ಅಂಕಿ ಇತ್ತು. ಇದಕ್ಕೆ ಇರಲಿಲ್ಲ. ಈ ಹೆಂಗಸು ತುಟಿ ಕಳೆದುಕೊಳ್ಳಲು ಸಿದ್ಧರಿದ್ದರು, ಮನಸ್ಸಿನಲ್ಲಿ ಉಣ್ಣಲು ಸಿದ್ಧರಿರಲಿಲ್ಲ. ಅದನ್ನು ಮೂರ್ಖತನ ಎನ್ನಲು ವೈಜಯಂತಿಯ ನಾಲಗೆ ಏಳಲಿಲ್ಲ. ಗೋಡೆಯ ಗಡಿಯಾರದಲ್ಲಿ ಎರಡೂವರೆಯಾಗಿತ್ತು.

ತ್ರಿಶಲಾ ಬಿಕ್ಕುತ್ತಾ ಒಳಗೆ ಹೋದಳು.  ಫೋನಿನಲ್ಲಿ ಇಮ್ತಿಯಾಜ್ ಮೆಲ್ಲಗೆ ಕೇಳಿದ, "ಮೇಡಂ, ಸ್ಪೀಕರ್ ಮ್ಯಾಲ ಐತೇನ್ರಿ? ನಾ ಒಂದ ಮಾತು ಕೇಳ್ಲಿ ಅವರಿಗೆ?"

"ಕೇಳು."

"ಅಮ್ಮಾರ, ನಾ ರೋಜಾ ಮಾಡಾವ್ರಿ. ನಮಗೂ ಮಧ್ಯಾಹ್ನ ಹಿಂಗ ಆಗತೈತಿ. ಎಲ್ಲಿ ನೋಡಿದ್ರೂ ಊಟಾನ ಕಾಣತೈತಿ. ನೀವು ಮನಸು ಊಟದ ಕಡಿ ಹೋದಾಗ ಏನ ಮಾಡ್ತೀರಿ? ಉಳದ ಏಳು ದಿನ ಏನ ಮಾಡಿದ್ರಿ?"

ರಾಜಮತಿ ಫೋನಿನ ಕಡೆ ನೋಡಿದರು. "ಜಪ ಮಾಡ್ತೇನಪ್ಪ," ಎಂದರು.  ಹೇಳುತ್ತಲೇ ಕೈಯನ್ನು ಮಗ್ಗುಲಿಗೆ ಚಾಚಿ ಜಪಮಾಲೆ ತೆಗೆದುಕೊಂಡರು. ಬೆರಳಿನಲ್ಲಿ ಮೊದಲ ಮಣಿ ಹಿಡಿದು ವೈಜಯಂತಿಯನ್ನು ಕೇಳಿದರು, "ಒಂದು ಮಣಿಗೆ ಒಂದು ಸಲ ಹಲ್ಲು ಕೂಡಸಿದ್ರ ನಡೀತೈತೇನು?"

"ನಡೀತದ. ಸೆಕೆಂಡಿಗೊಂದರಂಗ."

"ಒಂದು ಮಾಲಿಗೆ ನೂರಾ ಎಂಟು. ಆರು ಮಾಲಿ ಆದ್ರ ಆರುನೂರಾ ನಲವತ್ತೆಂಟು." ಪಾಠಶಾಲೆಯ ಗುರುಗಳಲ್ಲವೇ, ಲೆಕ್ಕ ಬಾಯಲ್ಲೇ ಇತ್ತು. "ಇದು ಜಗಿಯೂದಲ್ಲ. ಜಪ."

ಅವರು ಕಣ್ಣು ಮುಚ್ಚಿದರು.

ಎರಡನೆಯ ಸಲದ್ದು ಮೊದಲಿನದಕ್ಕಿಂತ ಕಠಿಣವಾಗಿತ್ತು. ದಣಿದ ಸ್ನಾಯು ಮೊದಲ ಮಾಲೆಗೇ ನಡುಗತೊಡಗಿತು. ಮೂರನೆಯ ಮಾಲೆಗೆ ಒಣ ಸೆಟ್ಟು ವಸಡನ್ನು ಕೊಯ್ದು ತುಟಿಯ ಅಂಚಿನಲ್ಲಿ ರಕ್ತ ಕಂಡಿತು. ವೈಜಯಂತಿ ತನಗೆ ಗೊತ್ತಿಲ್ಲದೆಯೇ ಎದುರು ಕೂತು ತಾನೂ ಹಲ್ಲು ಕೂಡಿಸುತ್ತಿದ್ದಳು, ಸೆಕೆಂಡಿಗೊಂದು. ನೂರರೊಳಗೆ ಅವಳಿಗೆ ಬೆಳಗಿನಿಂದ ತಿಂದಿಲ್ಲವೆಂಬುದು ನೆನಪಾಯಿತು, ಇನ್ನೂರರೊಳಗೆ ಅವಲಕ್ಕಿ ನೆನಪಾಯಿತು, ನಾಚಿಕೆಯಾಯಿತು. ನಾಲ್ಕನೆಯ ಮಾಲೆಯ ನಡುವೆ ರಾಜಮತಿಯ ದವಡೆ ನಿಂತಿತು. ಬೆರಳು ಮಣಿಯ ಮೇಲೇ ಇತ್ತು. ಹತ್ತು ಸೆಕೆಂಡು. ಹದಿನಾಲ್ಕು.  ಹದಿನೇಳಕ್ಕೆ ಬೆರಳು ಮುಂದಿನ ಮಣಿಗೆ ಜಾರಿತು, ಹಲ್ಲು ಕೂಡಿತು.

"ಆರುನೂರು," ಎಂದ ಇಮ್ತಿಯಾಜ್.  "ಬಾಗಲಾ ಮುಚ್ಚೈತ್ರಿ ಮೇಡಂ. ಮುಚ್ಚೈತಿ."

ರಾಜಮತಿ ನಿಲ್ಲಿಸಲಿಲ್ಲ. ಆರನೆಯ ಮಾಲೆ ಮುಗಿಸಿಯೇ ಕಣ್ಣು ತೆರೆದರು.

ಒಂದು ಸಲಕ್ಕೆ ಮುಗಿಯುವ ಕೆಲಸವಲ್ಲ ಅದು. ಎಂಟು ತಾಸಿಗೊಮ್ಮೆ ಆರು ಮಾಲೆ, ಉಪವಾಸ ಮುಗಿಯುವ ತನಕ. ಬೆಳಗಾವಿಯಲ್ಲಿ ಇಮ್ತಿಯಾಜ್ ಕುರ್ಚಿ ಬಿಟ್ಟು ಏಳಲಿಲ್ಲ. ವೈಜಯಂತಿಯ ಮನೆಯಲ್ಲಿ ಅತ್ತೆ ಇಂದಿರಾಬಾಯಿ ಅವಳ ಫೋನಿಗೆ ಕಾದು ಕಾದು, ಕಡೆಗೆ ವಿಷಯ ಕೇಳಿ, "ನನ್ನ ಏಕಾದಶಿ ನಂಬಿ ಆ ತಾಯಿ ಬಾಯಿ ಕೆಡಿಸಿದ್ಯೇನು?" ಎಂದು ಬೇಸರದಿಂದ ಫೋನಿಟ್ಟರು. ವೈಜಯಂತಿ ಮಾಂಜರಿಯಲ್ಲೇ ಉಳಿದು ಉಳಿದ ನಲವತ್ತು ರೋಗಿಗಳಿಗೂ ಸಂದೇಶ ಬರೆದಳು, ಅಪಾಯಗಳ ಪಟ್ಟಿಯ ಆ ಸಾಲನ್ನು ತನ್ನ ಹೆಸರು ಹಾಕಿಯೇ ತಿದ್ದಿ ಸಮಿತಿಗೆ ಕಳಿಸಿದಳು. ಒಂಬತ್ತನೆಯ ದಿನದ ಸ್ಕ್ಯಾನಿನಲ್ಲಿ ಸುರಂಗ ಹಾಗೇ ಇತ್ತು, ಹತ್ತನೆಯ ದಿನ ಕೂದಲೆಳೆಯಷ್ಟು ದುಂಡಗಾಗಿತ್ತು. ಹತ್ತಿಯ ಎಳೆಗೆ ಮಾತ್ರ ಬಲತುಟಿ ಎರಡೂ ದಿನ ಉತ್ತರ ಕೊಡಲಿಲ್ಲ. ಮೂಳೆ ಸರಿದರೂ ನರ ಎದ್ದೇಳಬೇಕೆಂದಿಲ್ಲ, ಅದು ವೈಜಯಂತಿಗೆ ಚೆನ್ನಾಗಿ ಗೊತ್ತಿತ್ತು.

ಹನ್ನೊಂದನೆಯ ದಿನ ಬೆಳಿಗ್ಗೆ ಪಾರಣೆ. ಮನೆ ತುಂಬ ಜನ. ಉಪವಾಸ ಮಾಡಿದವರಿಗೆ ಮೊದಲ ತುತ್ತನ್ನು ಬಂದವರೆಲ್ಲ ಒಂದೊಂದು ಚಮಚ ಬಾಯಿಗಿಡುವುದು ಪದ್ಧತಿ. ಹೆಸರುಬೇಳೆಯ ತಿಳಿಯನ್ನು ತ್ರಿಶಲಾ ಒಲೆಯಿಂದ ಇಳಿಸಿ ಬಟ್ಟಲಿಗೆ ಬಗ್ಗಿಸಿ ತಂದಳು. ಅವಳು ಆರಿಸಿ ಒಂದು ಚಮಚ ಇಟ್ಟಳು. ಪಾಠಶಾಲೆಯ ಹುಡುಗಿಯೊಬ್ಬಳು ಇಟ್ಟಳು. ಆ ಹುಡುಗಿಯ ಚಮಚ ವಾಲಿ ಒಂದು ಹನಿ ರಾಜಮತಿಯ ಬಲತುಟಿಯ ಅಂಚಿನಿಂದ ಜಾರಿತು. ಎಲ್ಲರೂ ಮಾತಾಡುತ್ತಿದ್ದರು. ವೈಜಯಂತಿ ಮಾತ್ರ ಆ ಹನಿಯನ್ನು ನೋಡುತ್ತಿದ್ದಳು. ಅದು ತುಟಿಯಿಂದ ಗದ್ದಕ್ಕೆ ಇಳಿಯಿತು, ಗದ್ದದಿಂದ ಬಿಳಿ ಸೀರೆಯ ಮೇಲೆ ಬಿತ್ತು. ರಾಜಮತಿಯ ಕೈ ಏಳಲಿಲ್ಲ. ಅವರಿಗೆ ಗೊತ್ತೇ ಆಗಿರಲಿಲ್ಲ.

ವೈಜಯಂತಿ ಮುಖ ತಿರುಗಿಸಿದಳು. ಇಷ್ಟೆಲ್ಲ ಮಾಡಿಸಿ, ರಕ್ತ ಬರಿಸಿ, ಕೊನೆಗೆ ಇದು.

"ಡಾಕ್ಟರ, ನೀವೂ ಒಂದು ಚಮಚ ಇಡ್ರಿ," ಎಂದು ತ್ರಿಶಲಾ ಬಟ್ಟಲಿಗೆ ಮತ್ತೆ ಬಿಸಿ ತಿಳಿ ಬಗ್ಗಿಸಿ ಅವಳ ಕೈಗೆ ಕೊಟ್ಟಳು. ವೈಜಯಂತಿಗೆ ಕಣ್ಣು ಮಂಜಾಗಿತ್ತು. ಆರಿಸಬೇಕೆಂಬುದೂ ಹೊಳೆಯದೆ ಚಮಚ ತುಂಬಿ ಎತ್ತಿದಳು. ಅದು ಬಾಯಿಯ ನಡುವಿಗೆ ಹೋಗದೆ ಬಲತುಟಿಗೆ ತಾಗಿತು.

ರಾಜಮತಿ ತಟ್ಟನೆ ಮುಖ ಹಿಂದಕ್ಕೆ ಎಳೆದುಕೊಂಡರು.

 ಒಬ್ಬ ಹಿರಿಯ ಹೆಂಗಸು, "ಏನ್ರಿ ಡಾಕ್ಟರ, ನೋಡಿ ಇಡಬಾರದೇನ್ರಿ," ಎಂದು ಗದರಿದರು. ವೈಜಯಂತಿ ಚಮಚ ಹಿಡಿದೇ ನಿಂತಿದ್ದಳು. ಒತ್ತಿ ಹೋದ ನರದಲ್ಲಿ ಮೊದಲು ಎದ್ದೇಳುವುದು ಬಿಸಿಯನ್ನು ಅರಿಯುವ ಎಳೆಗಳು, ಹಗುರ ಸ್ಪರ್ಶದ್ದು ಆಮೇಲೆ ಬರುತ್ತದೆ. ಪುಸ್ತಕದಲ್ಲಿ ಓದಿದ್ದಳು, ವಿದ್ಯಾರ್ಥಿಗಳಿಗೆ ಪಾಠ ಮಾಡಿದ್ದಳು, ಎರಡು ದಿನ ಬರೀ ಹತ್ತಿ ಹಿಡಿದು ಕೂತಿದ್ದಳು.

ರಾಜಮತಿ ಬಲತುಟಿಯ ಮೇಲೆ ಬೆರಳಿಟ್ಟುಕೊಂಡಿದ್ದರು. ಬೆರಳು ಅಲ್ಲೇ ಬಹಳ ಹೊತ್ತು ಇತ್ತು.

"ಸುಡಾಕತ್ತೈತಿ," ಎಂದರು. "ಆರಿಸಿ ಕೊಡ್ರಿ."

ವೈಜಯಂತಿ ಅಳುತ್ತಲೇ ಚಮಚಕ್ಕೆ ಉಫ್ ಉಫ್ ಎಂದು ಊದತೊಡಗಿದಳು.